ನಡೆದಾಡುವ ಭೂತ ಮತ್ತೆ ಬಂತು!

ಮಳೆ ಹಿಡಿಯುವ ಮೊದಲು ಅಟ್ಟ ಗುಡಿಸುವುದು ಪುತ್ತೂರು, ಸುಳ್ಯ, ಕಡಬ ಸೀಮೆಯ ತೋಟದ ಮನೆಗಳಲ್ಲಿ ವರ್ಷವೂ ನಡೆಯುವ ಕೆಲಸ. ಒಣಗಿದ ಅಡಿಕೆ ಒಳಗೆ ಬರಬೇಕು, ಕಟ್ಟಿಗೆಗೆ ಜಾಗವಾಗಬೇಕು. ಹಾಗೆ ಗುಡಿಸುವಾಗ ಮೂಲೆಯ ತಗಡಿನ ಟ್ರಂಕಿನಿಂದ ಒಂದು ಕಟ್ಟು ಹಳೆಯ ‘ಇಂದ್ರಜಾಲ ಕಾಮಿಕ್ಸ್’ ಹೊರಬಂತು ಎಂದಿಟ್ಟುಕೊಳ್ಳೋಣ. ಅಂಚು ಹುಳ ತಿಂದಿದೆ, ರಟ್ಟು ಕಿತ್ತುಹೋಗಿದೆ. ಆದರೂ ಬಿಳಿ ಕುದುರೆಯ ಮೇಲೆ ಕುಳಿತ, ಮುಖವಾಡ ತೊಟ್ಟ ಆಸಾಮಿ ಎದೆ ಸೆಟೆಸಿಕೊಂಡೇ ಇದ್ದಾನೆ!

“ಅಜ್ಜಾ, ಇದು ಯಾರು?” ಎಂದು ಕೇಳುತ್ತಾನೆ ಒಂಬತ್ತನೆಯ ತರಗತಿ ಮುಗಿಸಿದ ಮೊಮ್ಮಗ.

“ಇವನಾ? ಇವನಿಗೆ ಸಾವೇ ಇಲ್ಲ ಮಾರಾಯ!” ಎಂದು ಅಜ್ಜನ ಕಣ್ಣು ಅರಳುತ್ತದೆ.

“ಈ ವರ್ಷ ಹತ್ತನೆಯ ಕ್ಲಾಸು. ಇನ್ನು ಇದೊಂದು ಬಾಕಿ ಇತ್ತು!” ಎಂಬ ದನಿ ಅಡುಗೆಮನೆಯಿಂದ ಕೇಳಿಬರುತ್ತದೆ.

ಮೂವರ ಮಾತಿನಲ್ಲೂ ಒಂದೊಂದು ಪ್ರಶ್ನೆ ಅಡಗಿದೆ. ಈತ ಯಾರು? ಸಾವಿಲ್ಲ ಎಂದರೇನು? ಇದನ್ನು ಓದುವುದರಿಂದ ಏನು ಪ್ರಯೋಜನ? ಈಗ ಈ ಹಳೆಯ ವೀರ ಹೊಸ ಪುಸ್ತಕಗಳಲ್ಲಿ ಮರಳಿ ಬಂದಿರುವುದರಿಂದ ಮೂರಕ್ಕೂ ಉತ್ತರ ಹುಡುಕುವುದು ಒಳ್ಳೆಯದು.

ಯಾರೀತ?

ಈತ ಫ್ಯಾಂಟಮ್. ಅಮೆರಿಕದ ಲೇಖಕ ಲೀ ಫಾಕ್ ಕಲ್ಪನೆಯ ಕೂಸು. 1936ರ ಫೆಬ್ರವರಿ 17ರಂದು ಅಲ್ಲಿನ ದಿನಪತ್ರಿಕೆಗಳಲ್ಲಿ ಮೊದಲು ಕಾಣಿಸಿಕೊಂಡ. ಎಂದರೆ 2026ರ ಫೆಬ್ರವರಿಗೆ ಅವನಿಗೆ ತೊಂಬತ್ತು ವರ್ಷದ ಲೆಕ್ಕ. ಸೂಪರ್‌ಮ್ಯಾನ್ ಬಂದದ್ದು 1938ರಲ್ಲಿ, ಬ್ಯಾಟ್‌ಮ್ಯಾನ್ 1939ರಲ್ಲಿ. ಮೈಗಂಟಿದ ಉಡುಪು, ಮುಖವಾಡ, ಕಣ್ಣಿನ ಪಾಪೆ ಕಾಣದ ಬಿಳಿಗಣ್ಣು... ಹೀಗೆ ಮುಂದೆ ಎಷ್ಟೋ ವೀರರು ತೊಟ್ಟ ವೇಷಕ್ಕೆ ಮೇಲ್ಪಂಕ್ತಿ ಹಾಕಿದವನು ಫ್ಯಾಂಟಮ್‌ನೇ. ಇದೇ 1936ರಲ್ಲಿ ಇತ್ತ ಪುತ್ತೂರಿನಲ್ಲಿದ್ದ ಶಿವರಾಮ ಕಾರಂತರು ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಕನ್ನಡಕ್ಕೆ ಕೊಟ್ಟರೆಂಬುದು ನಮ್ಮ ಊರಿನ ಮಕ್ಕಳು ನೆನಪಿಡಬೇಕಾದ ಸಂಗತಿ.

ಕಥೆ ಹೀಗಿದೆ. 1536ರಲ್ಲಿ ಕಡಲ್ಗಳ್ಳರು ಒಂದು ಹಡಗನ್ನು ದೋಚಿ ಎಲ್ಲರನ್ನೂ ಕೊಲ್ಲುತ್ತಾರೆ. ಬದುಕುಳಿದ ಒಬ್ಬನೇ ಒಬ್ಬ ದಡ ಸೇರುತ್ತಾನೆ. ಕಾಡಿನ ಕುಳ್ಳ ಜನರಾದ ಬಂದರ್‌ಗಳು ಅವನನ್ನು ಉಪಚರಿಸುತ್ತಾರೆ. ತನ್ನ ತಂದೆಯನ್ನು ಕೊಂದವನ ತಲೆಬುರುಡೆ ಮುಟ್ಟಿ, ‘ನಾನೂ ನನ್ನ ಸಂತತಿಯೂ ಕ್ರೌರ್ಯ, ಅನ್ಯಾಯಗಳ ವಿರುದ್ಧ ಹೋರಾಡುತ್ತೇವೆ’ ಎಂದು ಅವನು ಆಣೆ ಮಾಡುತ್ತಾನೆ. ಅವನು ಸತ್ತಾಗ ಮಗ ಅದೇ ಉಡುಪು ತೊಡುತ್ತಾನೆ, ಆಮೇಲೆ ಮೊಮ್ಮಗ. ಮುಖವಾಡದ ಹಿಂದಿನ ಮುಖ ಬದಲಾದದ್ದು ಹೊರಗಿನವರಿಗೆ ತಿಳಿಯುವುದೇ ಇಲ್ಲ. ನಾನೂರು ವರ್ಷದಿಂದ ಒಬ್ಬನೇ ಇದ್ದಾನೆಂದು ಜಗತ್ತು ನಂಬುತ್ತದೆ. ನಾವು ಓದುವ ಫ್ಯಾಂಟಮ್ ಇಪ್ಪತ್ತೊಂದನೆಯವನು.

ಇಲ್ಲೇ ಅವನಿಗೂ ಸೂಪರ್‌ಮ್ಯಾನ್‌ಗೂ ಇರುವ ವ್ಯತ್ಯಾಸ. ಸೂಪರ್‌ಮ್ಯಾನ್ ಬೇರೆ ಗ್ರಹದಿಂದ ಬಂದವನು, ಹಾರುತ್ತಾನೆ, ಗುಂಡು ತಾಗಿದರೂ ಏನೂ ಆಗದು. 1992ರಲ್ಲಿ ಪ್ರಕಾಶಕರು ಅವನನ್ನು ಸಾಯಿಸಿದರು. ಅಮೆರಿಕದಲ್ಲಿ ಆ ಸಂಚಿಕೆಗೆ ಜನ ಸರದಿ ನಿಂತರು. ಮರುವರ್ಷ ಅವನು ಎದ್ದು ಬಂದ! ಫ್ಯಾಂಟಮ್‌ಗೆ ಆ ಸೌಕರ್ಯವಿಲ್ಲ. ಅವನು ಹಾರುವುದಿಲ್ಲ, ಗುಂಡು ತಾಗಿದರೆ ರಕ್ತ ಬರುತ್ತದೆ. ಸತ್ತರೆ ಸತ್ತಂತೆಯೇ. ಅವನಲ್ಲಿ ಉಳಿಯುವುದು ದೇಹವಲ್ಲ, ಹೊಣೆ. ಹಿಂದಿನ ಇಪ್ಪತ್ತು ಮಂದಿಯೂ ಬರೆದಿಟ್ಟ ದಿನಚರಿಗಳು ತಲೆಬುರುಡೆಯ ಗುಹೆಯಲ್ಲಿವೆ. ಕಷ್ಟ ಬಂದಾಗ ಅವನು ಹುಡುಕುವುದು ಮಂತ್ರವನ್ನಲ್ಲ, ಹಿರಿಯರ ಬರಹವನ್ನು.

ಕನ್ನಡಕ್ಕೆ ಬಂದ ಬಗೆ

ಭಾರತದಲ್ಲಿ ಇಂದ್ರಜಾಲ ಕಾಮಿಕ್ಸ್ ಆರಂಭವಾದದ್ದು 1964ರ ಮಾರ್ಚ್‌ನಲ್ಲಿ, ಟೈಮ್ಸ್ ಆಫ್ ಇಂಡಿಯಾ ಬಳಗದಿಂದ. ಬೆಲೆ 60 ಪೈಸೆ. ಮೊದಲ 32 ಸಂಚಿಕೆಗಳಲ್ಲೂ ಫ್ಯಾಂಟಮ್‌ನದೇ ಕಥೆ. ಮುಂದೆ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಅದು ಬಂತು. ಹಿಂದಿಯಲ್ಲಿ ಅವನು ‘ವೇತಾಲ’ನಾದ, ಬಂಗಾಳಿಯಲ್ಲಿ ‘ಅರಣ್ಯದೇವ’ನಾದ. ಅವನ ಬೆನ್ನಿಗೆ ಲೀ ಫಾಕ್‌ನ ಇನ್ನೊಬ್ಬ ವೀರ ಮಾಂಡ್ರೇಕ್ ಬಂದ. 1976ರಲ್ಲಿ ಆಬಿದ್ ಸುರತಿ ಸೃಷ್ಟಿಸಿದ, ಡಕಾಯಿತರ ವಿರುದ್ಧ ಹೋರಾಡುವ ನಮ್ಮದೇ ನೆಲದ ‘ಬಹಾದ್ದೂರ್’ ಬಂದ. ವಾರಪತ್ರಿಕೆ ಮನೆಗೆ ಬಂದೊಡನೆ ಅಣ್ಣ-ತಂಗಿ ಕಿತ್ತಾಡಿ ಮೊದಲು ಬಿಡಿಸುತ್ತಿದ್ದದ್ದು ‘ಸುಧಾ’ದ ಫ್ಯಾಂಟಮ್ ಪುಟವನ್ನು ಎಂದು ನೆನೆಯುವ ಹಿರಿಯರು ಇಂದಿಗೂ ಇದ್ದಾರೆ.

ಇಂದ್ರಜಾಲದ ಆರಂಭದ ದಿನಗಳಲ್ಲಿ ಆ ಬಳಗದಲ್ಲಿ ದುಡಿದವರಲ್ಲಿ ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈ ಒಬ್ಬರು. ಎಳವೆಯಲ್ಲೇ ತಂದೆ-ತಾಯಿಯನ್ನು ಕಳೆದುಕೊಂಡು ಮುಂಬಯಿ ಸೇರಿದ ಅವರು ಓದಿದ್ದು ರಸಾಯನಶಾಸ್ತ್ರ, ಭೌತಶಾಸ್ತ್ರ ಮತ್ತು ರಾಸಾಯನಿಕ ತಂತ್ರಜ್ಞಾನ. ವಿಜ್ಞಾನ ಓದಿದವರು ಕಥೆ ಹೇಳಬಾರದೆಂದು ಯಾರು ಹೇಳಿದರು! ಮುಂದೆ ಅವರೇ ‘ಅಮರ ಚಿತ್ರ ಕಥೆ’ಯ ಸಂಪಾದಕರಾಗಿ ದೇಶದ ಮಕ್ಕಳಿಗೆಲ್ಲ ‘ಅಂಕಲ್ ಪೈ’ ಆದರು. 2011ರಲ್ಲಿ ತೀರಿಕೊಂಡರು.

ಆ ಮಾಲೆಯ ಮೊದಲ ಹೆಜ್ಜೆ ಬಿದ್ದದ್ದು ಕನ್ನಡದಲ್ಲಿ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. 1965ರಲ್ಲಿ ಬೆಂಗಳೂರಿನ ಪುಸ್ತಕ ವ್ಯಾಪಾರದಲ್ಲಿದ್ದ ಜಿ. ಕೆ. ಅನಂತರಾಮ್ ಅವರ ಸಲಹೆಯಂತೆ ಇಂಡಿಯಾ ಬುಕ್ ಹೌಸ್ ‘ಸಿಂಡ್ರೆಲಾ’ದಂಥ ಪಾಶ್ಚಾತ್ಯ ಕಥೆಗಳನ್ನು ಕನ್ನಡ ಕಾಮಿಕ್ಸ್ ಆಗಿ ಹೊರತಂದಿತು. ಅಂಥವು ಹತ್ತು ಬಂದವು. ಆದ್ದರಿಂದಲೇ ಆಮೇಲೆ ಬಂದ ‘ಕೃಷ್ಣ’ ಪುಸ್ತಕದ ಕ್ರಮಾಂಕ 11! ಇಂಗ್ಲಿಷಿಗೂ ಮೊದಲು ಕನ್ನಡದ ಮಕ್ಕಳ ಕೈಯಲ್ಲಿದ್ದ ಮಾಲೆ ಅದು.

1990ರಲ್ಲಿ ಇಂದ್ರಜಾಲ ನಿಂತಿತು. ಬಳಿಕ ಕನ್ನಡದ ಮಕ್ಕಳಿಗೆ ‘ಬಾಲಮಂಗಳ’ದ ಡಿಂಗ ಜೊತೆಗಿದ್ದ. ‘ಚಂದಮಾಮ’ದ ಬೇತಾಳ ಮರಕ್ಕೆ ಹಿಂದಿರುಗುತ್ತಲೇ ಇದ್ದ. ಫ್ಯಾಂಟಮ್ ಮಾತ್ರ ಅಟ್ಟ ಸೇರಿದ.

‘ಭೂತ’ ಎಂದರೆ ಹೆದರಬೇಕಿಲ್ಲ

ಫ್ಯಾಂಟಮ್‌ನ ಬಿರುದನ್ನು ಕನ್ನಡದಲ್ಲಿ ಹೇಳಿದರೆ ‘ನಡೆದಾಡುವ ಭೂತ’. ಇಂಗ್ಲಿಷಿನ ಓದುಗನಿಗೆ ಇದು ಮೈ ಜುಮ್ಮೆನ್ನಿಸುವ ಮಾತು. ತುಳುನಾಡಿನ ಮಗುವಿಗೆ ಹಾಗಲ್ಲ. ಇಲ್ಲಿ ಭೂತವೆಂದರೆ ಕಾಡುವ ಪಿಶಾಚಿಯಲ್ಲ. ಊರನ್ನು ಕಾಯುವ, ನ್ಯಾಯ ಹೇಳುವ, ತಪ್ಪಿದವನನ್ನು ಸಿರಿವಂತನಾದರೂ ನಿಲ್ಲಿಸಿ ಕೇಳುವ ಶಕ್ತಿ. ಫ್ಯಾಂಟಮ್ ಕಾಡಿನ ನಡುವೆ ಪೀಠದ ಮೇಲೆ ಕುಳಿತು ಬುಡಕಟ್ಟುಗಳ ಜಗಳ ತೀರ್ಮಾನಿಸುವ ಚಿತ್ರ ನಮ್ಮ ಮಕ್ಕಳಿಗೆ ಪರಕೀಯವೆನಿಸದು.

ಪುತ್ತೂರು ತಾಲೂಕಿನ ಪಡುಮಲೆಯ ದೇಯಿ ಬೈದೆತಿಯ ಅವಳಿ ಮಕ್ಕಳು ಕೋಟಿ-ಚೆನ್ನಯರು ಅನ್ಯಾಯವನ್ನು ಎದುರಿಸಿ ಊರು ಬಿಟ್ಟು, ಪಂಜವನ್ನು ದಾಟಿ, ಎಣ್ಮೂರಿನಲ್ಲಿ ಕಾದಾಡಿ ಮಡಿದರು. ಅವರ ಕಥೆ ಪುಸ್ತಕದಲ್ಲಿ ಅಚ್ಚಾಗುವ ಮೊದಲು ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರ ಪಾಡ್ದನದಲ್ಲಿತ್ತು. ಗರಡಿಗಳಲ್ಲಿ ಇಂದಿಗೂ ಅವರ ನೇಮ ನಡೆಯುತ್ತದೆ. ಸೇವೆ ಮಾಡುವವರು ತಲೆಮಾರಿಗೊಮ್ಮೆ ಬದಲಾಗುತ್ತಾರೆ, ಬೈದೇರುಗಳು ಬದಲಾಗುವುದಿಲ್ಲ. ಕಾಮಿಕ್ಸನ್ನೂ ಜನರ ನಂಬಿಕೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು. ಆದರೂ ‘ವೀರ ಸತ್ತ ಮೇಲೂ ಹೇಗೆ ಬದುಕುತ್ತಾನೆ?’ ಎಂಬ ಪ್ರಶ್ನೆಗೆ ಲೀ ಫಾಕ್ ಕಂಡುಕೊಂಡ ಉತ್ತರ ಈ ಮಣ್ಣಿಗೆ ಹಳೆಯದು.

ಇತಿಹಾಸದಲ್ಲೂ ಇದಕ್ಕೆ ಉದಾಹರಣೆಯಿದೆ. 1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಮೇಲೆ ಅಮರ ಸುಳ್ಯ, ಪುತ್ತೂರು ಮಾಗಣೆಗಳು ಕೆನರಾ ಜಿಲ್ಲೆಗೆ ಸೇರಿದವು. ಕಂದಾಯವನ್ನು ನಗದಿನಲ್ಲೇ ಕೊಡಬೇಕಾಗಿ ಬಂದಾಗ ರೈತರು ಕಂಗೆಟ್ಟರು. 1837ರಲ್ಲಿ ದಂಗೆ ಎದ್ದಿತು. ಕೆದಂಬಾಡಿ ರಾಮಯ್ಯ ಗೌಡರಂಥವರು ಮುಂದೆ ನಿಂತರು. ಬೆಳ್ಳಾರೆಯ ಖಜಾನೆ ವಶವಾಯಿತು. ದಂಡು ಮಂಗಳೂರಿನ ತನಕ ನಡೆದು, ಏಪ್ರಿಲ್ ತಿಂಗಳಲ್ಲಿ ಕೆಲವು ದಿನ ಪಟ್ಟಣವನ್ನು ಹಿಡಿದಿಟ್ಟುಕೊಂಡಿತು. ಜನ ಯಾರ ಹೆಸರಿನಲ್ಲಿ ಒಟ್ಟಾದರೋ ಆ ಕಲ್ಯಾಣಸ್ವಾಮಿ ಅಷ್ಟರಲ್ಲಿ ಬ್ರಿಟಿಷರ ಸೆರೆಯಲ್ಲಿದ್ದ. ಅವನ ಹೆಸರನ್ನು ಹೊತ್ತು ಮುಂದೆ ನಡೆದವನು ಪುಟ್ಟಬಸಪ್ಪನೆಂಬ ರೈತ. ‘ಕಲ್ಯಾಣಪ್ಪನ ಕಾಟಕಾಯಿ’ ಎಂದೇ ಜನ ಅದನ್ನು ಕರೆದರು. ಹೊತ್ತವನು ಬೇರೆಯಾದರೂ ಹೆಸರು ನಡೆಯಿತು. ಲೀ ಫಾಕ್ ಹುಟ್ಟುವುದಕ್ಕೂ ಬಹಳ ಮೊದಲು ನಮ್ಮ ಬೆಳ್ಳಾರೆಯ ದಾರಿಯಲ್ಲಿ ನಡೆದ ಸಂಗತಿ ಇದು!

ಭೂತಗನ್ನಡಿಯಲ್ಲಿ ಭೂತ

ಈಗ ಒಂದು ಸಣ್ಣ ಪ್ರಯೋಗ. ಹಳೆಯ ಬಣ್ಣದ ಕಾಮಿಕ್ಸ್ ಪುಟವನ್ನು ಶಾಲೆಯ ಭೂತಗನ್ನಡಿಯಲ್ಲಿ ನೋಡಿದರೆ ಫ್ಯಾಂಟಮ್‌ನ ನೇರಳೆ ಉಡುಪು ಮಾಯವಾಗುತ್ತದೆ! ಅಲ್ಲಿರುವುದು ಬರೇ ಚುಕ್ಕೆಗಳು. ಒಂದಷ್ಟು ತಿಳಿನೀಲಿ, ಒಂದಷ್ಟು ಗುಲಾಬಿಗೆಂಪು. ಮುದ್ರಣಾಲಯದಲ್ಲಿ ಬಳಸುವ ಶಾಯಿ ನಾಲ್ಕೇ: ತಿಳಿನೀಲಿ, ಗುಲಾಬಿಗೆಂಪು, ಹಳದಿ, ಕಪ್ಪು. ತಿಳಿನೀಲಿ ಶಾಯಿ ಬೆಳಕಿನ ಕೆಂಪು ಭಾಗವನ್ನು ಹೀರುತ್ತದೆ, ಗುಲಾಬಿಗೆಂಪು ಶಾಯಿ ಹಸಿರು ಭಾಗವನ್ನು ಹೀರುತ್ತದೆ. ಉಳಿದು ಕಣ್ಣಿಗೆ ಬರುವ ಬೆಳಕನ್ನು ನಮ್ಮ ಮೆದುಳು ಸೇರಿಸಿ ‘ನೇರಳೆ’ ಎನ್ನುತ್ತದೆ. ಅದೇ ಮಸೂರವನ್ನು ಮೊಬೈಲಿನ ಪರದೆಗೆ ಹಿಡಿದರೆ ಕೆಂಪು, ಹಸಿರು, ನೀಲಿ ಬೆಳಕಿನ ಕಣಗಳು ಕಾಣಬಹುದು. ಕಾಗದ ಬಣ್ಣವನ್ನು ಕಳೆದು ತೋರಿಸುತ್ತದೆ, ಪರದೆ ಕೂಡಿಸಿ ತೋರಿಸುತ್ತದೆ. ಕಳೆಯುವ ಲೆಕ್ಕ, ಕೂಡುವ ಲೆಕ್ಕ ಎರಡೂ ಒಬ್ಬ ಫ್ಯಾಂಟಮ್‌ನಿಂದ ಕಲಿತಂತಾಯಿತು.

ಈ ನೇರಳೆಯದೂ ಒಂದು ಕಥೆ. ಲೀ ಫಾಕ್‌ನ ಮನಸ್ಸಿನಲ್ಲಿದ್ದದ್ದು ಬೂದು ಬಣ್ಣ. ಮೊದಲ ಮೂರು ವರ್ಷ ದಿನಪತ್ರಿಕೆಯಲ್ಲಿ ಕಪ್ಪು-ಬಿಳುಪಿನ ಚಿತ್ರವಾದ್ದರಿಂದ ತೊಂದರೆಯಾಗಲಿಲ್ಲ. 1939ರಲ್ಲಿ ಭಾನುವಾರದ ಬಣ್ಣದ ಪುಟ ಆರಂಭವಾದಾಗ ಅಚ್ಚಿನಲ್ಲಿ ಅದು ನೇರಳೆಯಾಗಿ ಬಂತು, ಹಾಗೆಯೇ ಉಳಿಯಿತು. ಸ್ವೀಡನ್ನಿನಲ್ಲಿ ಅವನು ನೀಲಿ, ಇಟಲಿಯಲ್ಲಿ ಕೆಂಪು!

ಅಕ್ಕಿಯಲ್ಲಿರುವ ಕಲ್ಲು

ಪುಸ್ತಕ ಒಳ್ಳೆಯದೆಂದು ಹೊಗಳಿ ಕೈತೊಳೆದುಕೊಂಡರೆ ವಿಮರ್ಶೆಯಾಗದು. ಫ್ಯಾಂಟಮ್ ಕಥೆಗಳಲ್ಲಿ ಆರಿಸಬೇಕಾದ ಕಲ್ಲುಗಳಿವೆ. ಆಫ್ರಿಕಾದ ಕಾಡಿನ ಕಪ್ಪು ಜನರನ್ನು ಒಬ್ಬ ಬಿಳಿಯನೇ ಬಂದು ಕಾಯಬೇಕೆಂಬ ಚಿತ್ರ ವಸಾಹತು ಕಾಲದ ಮನೋಭಾವದ ಫಲ. ಮೊದಲ ವರ್ಷಗಳ ಕಥೆಗಳಲ್ಲಿ ಕಾಡಿನ ಜನರನ್ನು ಪೆದ್ದರಂತೆ, ಹೆದರುಪುಕ್ಕಲರಂತೆ ಬರೆದದ್ದುಂಟು. ಕಥೆಯ ದೇಶದ ಹೆಸರು ಬಂಗಾಳವನ್ನು ನೆನಪಿಸುವಂತಿತ್ತು, ಕಡಲ್ಗಳ್ಳರ ಹೆಸರು ‘ಸಿಂಗ್’ ಎಂದಿತ್ತು. ಭಾರತದ ಪ್ರಕಾಶಕರು ಇದನ್ನು ಕಣ್ಣುಮುಚ್ಚಿ ಅಚ್ಚು ಹಾಕಲಿಲ್ಲ. ದೇಶವನ್ನು ‘ಡೆಂಕಾಲಿ’ ಮಾಡಿದರು, ‘ಸಿಂಗ್’ ಎಂಬುದನ್ನು ‘ಸಿಂಗಾ’ ಎಂದು ತಿದ್ದಿದರು.

ಲೀ ಫಾಕ್ ಕೂಡ ಕಾಲದೊಂದಿಗೆ ಬದಲಾದ. ಆಫ್ರಿಕಾದ ದೇಶಗಳು ಸ್ವತಂತ್ರವಾದ ಮೇಲೆ ಅವನ ಕಥೆಯಲ್ಲೂ ಲಮಾಂಡಾ ಲುವಾಗಾ ಎಂಬ ಕಪ್ಪು ಜನಾಂಗದ ವೈದ್ಯ ಚುನಾಯಿತ ಅಧ್ಯಕ್ಷನಾದ. ನಾಯಕಿ ಡಯಾನಾ ವಿಶ್ವಸಂಸ್ಥೆಯಲ್ಲಿ ದುಡಿಯುವವಳಾದಳು. 1977ರಲ್ಲಿ ಅವರ ಮದುವೆಯಾಯಿತು, ಬಳಿಕ ಒಂದು ಹೆಣ್ಣು, ಒಂದು ಗಂಡು ಅವಳಿ ಮಕ್ಕಳು. ಲೀ ಫಾಕ್ 1999ರಲ್ಲಿ ಸಾಯುವ ತನಕ, 63 ವರ್ಷ, ಬರೆಯುತ್ತಲೇ ಇದ್ದ. ಮೊದಲ ಚಿತ್ರಕಾರ ರೇ ಮೂರ್‌ನ ನೆರಳು ತುಂಬಿದ ಚಿತ್ರಗಳಲ್ಲಿ ನಿಗೂಢತೆ ಹೆಚ್ಚು, ಕಥೆ ತುಸು ನಿಧಾನ. 1961ರಿಂದ ಮೂರು ದಶಕ ಚಿತ್ರ ಬರೆದ ಸೈ ಬ್ಯಾರಿಯ ಕಾಲದ್ದು ಸ್ಪಷ್ಟ ರೇಖೆ, ಬಿಗಿಯಾದ ಕಥೆ. ಹೊಸ ಓದುಗರು ಸೈ ಬ್ಯಾರಿಯಿಂದ ತೊಡಗಿ ಹಿಂದಕ್ಕೆ ಹೋಗುವುದು ಸುಲಭದ ದಾರಿ.

ಹೊರದೇಶಗಳಲ್ಲಿ ಅವನು ಅಟ್ಟ ಸೇರಿದ್ದೇ ಇಲ್ಲ. ಆಸ್ಟ್ರೇಲಿಯದಲ್ಲಿ 1948ರಿಂದ, ಸ್ವೀಡನ್ನಿನಲ್ಲಿ 1950ರಿಂದ ಅವನದೇ ಪತ್ರಿಕೆಗಳು ಬಂದಿವೆ. 1996ರಲ್ಲಿ ಹಾಲಿವುಡ್ ಚಲನಚಿತ್ರ ಬಂತು, ಹೆಚ್ಚು ಓಡಲಿಲ್ಲ. 2025ರಲ್ಲಿ ಅಮೆರಿಕದ ಮ್ಯಾಡ್ ಕೇವ್ ಎಂಬ ಪ್ರಕಾಶನ ಅವನ ಹೊಸ ಕಾಮಿಕ್ಸ್ ಮಾಲೆ ಆರಂಭಿಸಿದೆ. ಅದೇ ವರ್ಷ ಸೂಪರ್‌ಮ್ಯಾನ್ ಕೂಡ ಹೊಸ ಚಲನಚಿತ್ರದಲ್ಲಿ ಮರಳಿದ. ಸಂತೋಷವೇ. ಆದರೆ ಮ್ಯಾಡ್ ಕೇವ್‌ನ ಈ ಹೊಸ ಮಾಲೆ ಇರುವುದು ಇಂಗ್ಲಿಷಿನಲ್ಲಿ.

ಅಡುಗೆಮನೆಯ ಪ್ರಶ್ನೆ

‘ಕಾಮಿಕ್ಸ್ ಓದಿದರೆ ಮಕ್ಕಳು ಕೆಡುತ್ತಾರೆ’ ಎಂಬ ಭಯ ನಮ್ಮ ಹೆತ್ತವರದಷ್ಟೇ ಅಲ್ಲ. 1954ರಲ್ಲಿ ಅಮೆರಿಕದ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಒಂದು ಪುಸ್ತಕ ಬರೆದು, ಮಕ್ಕಳು ಅಪರಾಧಿಗಳಾಗಲು ಕಾಮಿಕ್ಸ್ ಕಾರಣ ಎಂದು ವಾದಿಸಿದ. ದೇಶವೇ ತಲ್ಲಣಿಸಿತು. ಅದೇ ವರ್ಷ ಪ್ರಕಾಶಕರು ತಮಗೆ ತಾವೇ ಕಟ್ಟುನಿಟ್ಟಿನ ನಿಯಮಾವಳಿ ಹಾಕಿಕೊಂಡರು. ಅನೇಕ ಪತ್ರಿಕೆಗಳು ಮುಚ್ಚಿದವು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಕ್ಯಾರಲ್ ಟಿಲ್ಲಿ ಎಂಬ ಸಂಶೋಧಕಿ ಅವನ ಮೂಲ ಟಿಪ್ಪಣಿಗಳನ್ನೇ ಬಿಡಿಸಿ ನೋಡಿದರು. ಮಕ್ಕಳ ಹೇಳಿಕೆಗಳನ್ನು ಅವನು ತಿರುಚಿದ್ದ, ಬೇಡವಾದದ್ದನ್ನು ಬಿಟ್ಟಿದ್ದ! ಒಳ್ಳೆಯ ಉದ್ದೇಶವಿದ್ದರೂ ತಿದ್ದಿದ ಸಾಕ್ಷ್ಯ ವಿಜ್ಞಾನವಾಗದು. ಪ್ರಯೋಗದ ಉತ್ತರವನ್ನು ಪಕ್ಕದವನ ಪುಸ್ತಕ ನೋಡಿ ಬರೆಯುವ ವಿದ್ಯಾರ್ಥಿಗೂ ಇದೇ ಮಾತು.

ಕಾಮಿಕ್ಸ್ ಓದುವುದು ಸೋಮಾರಿಗಳ ಕೆಲಸವಲ್ಲ. ಒಂದು ಚೌಕದಲ್ಲಿ ಫ್ಯಾಂಟಮ್ ಮುಷ್ಟಿ ಎತ್ತಿದ್ದಾನೆ, ಮುಂದಿನ ಚೌಕದಲ್ಲಿ ಕಳ್ಳ ನೆಲದ ಮೇಲಿದ್ದಾನೆ. ನಡುವಿನ ಏಟನ್ನು ಯಾರೂ ಬರೆದಿಲ್ಲ. ಅದನ್ನು ಕಂಡದ್ದು ಓದುವವನ ಮೆದುಳು. ಎರಡು ಬಗೆಯ ಚುಕ್ಕೆಗಳಿಂದ ನೇರಳೆಯನ್ನು ಕಟ್ಟಿದ್ದೂ ಅದೇ ಮೆದುಳು. ಹಾಗೆಂದು ಕಾಮಿಕ್ಸ್ ಒಂದೇ ಸಾಕೆಂದಲ್ಲ. ಅದು ಓದಿನ ಮನೆಯ ಜಗಲಿ. ಒಳಗೆ ಹೋಗಬೇಕಾದರೂ ಮೊದಲು ಕಾಲಿಡುವುದು ಜಗಲಿಗೇ ತಾನೆ?

ಇಲ್ಲಿ ನಿಜವಾದ ಅಪಾಯ ಬೇರೆ ಇದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮೊಮ್ಮಗ ಟ್ರಂಕಿನ ಕಾಮಿಕ್ಸ್ ತೆರೆದರೆ ಒತ್ತಕ್ಷರ ಬಂದಲ್ಲೆಲ್ಲ ತಡವರಿಸುತ್ತಾನೆ. ಅಜ್ಜ ಅರವತ್ತು ಪೈಸೆ ಕೂಡಿಟ್ಟು ಓದಿದ್ದನ್ನು ಅವನು ಓದಲಾರ. ಅಂದರೆ ಮುಖವಾಡ ಇದೆ, ಉಡುಪು ಇದೆ, ದಿನಚರಿಯೂ ಇದೆ, ಓದುವ ಇಪ್ಪತ್ತೆರಡನೆಯವನೇ ಇಲ್ಲ! ಫ್ಯಾಂಟಮ್‌ನನ್ನು ಕೊಲ್ಲಲು ಸಿಂಗಾ ಕಡಲ್ಗಳ್ಳರಿಂದ ಆಗದ ಕೆಲಸ ಹೀಗೆ ಸದ್ದಿಲ್ಲದೆ ಆಗಿಬಿಡಬಹುದು.

ಇದಕ್ಕೆ ಮದ್ದು ದುಬಾರಿಯದಲ್ಲ. ದಿನಕ್ಕೆ ಹತ್ತು ನಿಮಿಷ ಅಜ್ಜ ಒಂದು ಪುಟ, ಮೊಮ್ಮಗ ಒಂದು ಪುಟ ಗಟ್ಟಿಯಾಗಿ ಓದಿದರೆ ಸಾಕು. ಚಿತ್ರ ನೋಡಿದರೆ ಮಾತಿನ ಅರ್ಥ ಊಹೆಗೆ ಸಿಗುತ್ತದೆ, ತಡವರಿಕೆ ತಾನಾಗಿ ಕಡಿಮೆಯಾಗುತ್ತದೆ. ರಜೆಯಲ್ಲಿ ಮಕ್ಕಳು ಒಂದು ಹಾಳೆಯನ್ನು ಆರು ಚೌಕ ಮಾಡಿ ಬೆಳ್ಳಾರೆಯ ಖಜಾನೆಯ ಕಥೆಯನ್ನೋ ಪಡುಮಲೆಯ ಅವಳಿ ವೀರರ ಬಾಲ್ಯವನ್ನೋ ತಾವೇ ಚಿತ್ರಿಸಬಹುದು. ಯಾವ ಮಾತು ಬರೆಯಬೇಕು, ಯಾವುದನ್ನು ನಡುವಿನ ಖಾಲಿ ಜಾಗಕ್ಕೆ ಬಿಡಬೇಕು ಎಂದು ಯೋಚಿಸುವುದೇ ಒಂದು ದೊಡ್ಡ ಪಾಠ.

ಕನ್ನಡ ವ್ಯಾಕರಣದಲ್ಲಿ ‘ಭೂತ’ಕ್ಕೆ ಇನ್ನೊಂದು ಅರ್ಥವಿದೆ: ಕಳೆದುಹೋದ ಕಾಲ. ಆ ಲೆಕ್ಕದಲ್ಲಿ ‘ನಡೆದಾಡುವ ಭೂತ’ ಎಂದರೆ ಕಳೆದುಹೋಗಲು ಒಪ್ಪದ ಕಾಲ. ಆದರೆ ಅದು ತಾನಾಗಿ ನಡೆಯದು, ಯಾರಾದರೂ ಕೈಹಿಡಿದು ನಡೆಸಬೇಕು.

ಅಟ್ಟ ಗುಡಿಸಿ ಆಯಿತು. ಅಡಿಕೆ ಚೀಲಗಳು ಮೇಲೇರಿದವು. ಟ್ರಂಕು ಮಾತ್ರ ಜಗಲಿಯಲ್ಲೇ ಉಳಿಯಿತು. ಮಳೆಯ ಮೊದಲ ಹನಿ ಬೀಳುವ ಹೊತ್ತಿಗೆ ಮೊಮ್ಮಗ ಮೂರನೆಯ ಪುಸ್ತಕದ ನಡುವೆ ಒಂದು ಪದಕ್ಕೆ ತಡೆದು ನಿಂತಿದ್ದಾನೆ. ಅಜ್ಜನ ಕನ್ನಡಕ ಎಲ್ಲೋ ಇದೆ. ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದ ತಾಯಿ ಬಗ್ಗಿ ನೋಡಿ ಆ ಪದವನ್ನು ಓದಿ ಹೇಳುತ್ತಾಳೆ. ಆಮೇಲೆ ಮುಂದಿನ ಪುಟದಲ್ಲಿ ಏನಾಯಿತೆಂದು ನೋಡಲು ಅಲ್ಲಿಯೇ ಕೂರುತ್ತಾಳೆ.